ಮಾಂಸಾಹಾರಿ ನೀರು

ನಮ್ಮ ಕಡೆಯ ಮಂದಿಗೆ ಸಮುದ್ರ ಅಂದರೆ ನಕಾಶೆಯಲ್ಲಿ ಬಳಿದ ನೀಲಿ ಬಣ್ಣ, ಅಷ್ಟೇ. ಕಮಲಾಪುರದ ನಮ್ಮ ಕೇರಿಯಲ್ಲಿ ಹುಟ್ಟಿದವನಿಗೆ ನೀರು ಅಂದರೆ ಬಾವಿ. ಬಾವಿ ಅಂದರೆ ಯಾವ ಮೆಟ್ಟಿಲ ತನಕ ನಾವು ಇಳಿಯಬಹುದು ಎಂಬ ಲೆಕ್ಕ. ಈ ಲೆಕ್ಕವನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ. ಅಂಥ ನಾನು 1984ರ ಮೇ ತಿಂಗಳಲ್ಲಿ, ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದುವ ಹನ್ನೆರಡು ಮಂದಿಯ ಜೊತೆ ಕಡಲ ಜೀವಿಗಳನ್ನು ನೋಡಲಿಕ್ಕೆ ಕಾರವಾರಕ್ಕೆ ಹೋದೆ. ಹತ್ತು ದಿನದ ಅಭ್ಯಾಸ ಪ್ರವಾಸ.

ಕಾಲೇಜಿನ ಹೆಸರು ಬೇಡ. ಗೆಳೆಯರ ಹೆಸರೂ ಬೇಡ. ಎಲ್ಲರೂ ರಿಟೈರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ, ಈಗ ಬೈಸಿಕೊಳ್ಳುವ ವಯಸ್ಸಲ್ಲ. ಆ ಹತ್ತು ದಿನದಲ್ಲಿ ಒಬ್ಬೊಬ್ಬರಿಗೆ ಬಿದ್ದ ಅಡ್ಡಹೆಸರುಗಳೇ ಸಾಕು. ನನ್ನದು 'ಬಾಳಿಗೊನಿ'. ಅದು ಬಂದದ್ದು ಹೀಗೆ.

ಕಮಲಾಪುರದ ಕೆಂಪು ಬಾಳೆಹಣ್ಣು ಈಗ ಜಿಐ ಮಾನ್ಯತೆ ಪಡೆದು ದೊಡ್ಡ ಹೆಸರು ಮಾಡಿದೆ. ಆಗ ಅದು ನಮಗೆ ಅವ್ವನ ಕೂಲಿ. ತೋಟ ನಮ್ಮದಲ್ಲ, ತೋಟದೊಳಗಿನ ದುಡಿಮೆ ಮಾತ್ರ ನಮ್ಮದು. ಅವ್ವ ಕೂಲಿಯಲ್ಲಿ ಮುರಿಸಿಕೊಂಡು ಒಂದು ಗೊನೆ ತಂದಳು. ಹಳೇ ಸೀರೆಯಲ್ಲಿ ಸುತ್ತಿ ಗೋಣಿಚೀಲಕ್ಕೆ ಹಾಕಿ, "ದೋಸ್ತರ ಕೂಡ ಹೊಂಟೀದಿ, ಬರೀ ಕೈಲಿ ಹೋಗಬ್ಯಾಡ. ರೊಟ್ಟಿ ಕಟ್ಟಿದ್ರ ಯಾರ್ ತಿಂತಾರೋ ಯಾರ್ ಬಿಡ್ತಾರೋ. ಬಾಳಿಹಣ್ಣಿಗಿ ಯಾರೂ ಒಲ್ಲೆ ಅನ್ನಂಗಿಲ್ಲ," ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಸಿಪ್ಪೆ ಇದ್ದ ಹಣ್ಣು ಯಾರ ಕೈಯಿಂದ ಬಂದರೂ ಮೈಲಿಗೆ ಆಗುವುದಿಲ್ಲವಂತೆ. ಆ ಶಾಸ್ತ್ರ ಅವ್ವನಿಗೆ ಗೊತ್ತಿತ್ತು.

ಗುಲಬರ್ಗಾ ಬಸ್‌ಸ್ಟ್ಯಾಂಡಿನಲ್ಲಿ (ಊರು ಅಧಿಕೃತವಾಗಿ ಕಲಬುರಗಿ ಆದದ್ದು 2014ರಲ್ಲಿ) ಆ ಗೊನೆ ಹಸಿರುಗೆಂಪು, ಕಲ್ಲಿನ ಹಾಗೆ ಗಟ್ಟಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲು, ಗೋಣಿಚೀಲ, ಮೇಲೆ ಹನ್ನೆರಡು ಮಂದಿಯ ಟ್ರಂಕು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಇಡೀ ಗೊನೆ ಒಂದೇ ಸಲಕ್ಕೆ ಹಣ್ಣಾಗಿ ಕೂತಿತ್ತು. ಬಸ್ಸಿನ ತುಂಬ ವಾಸನೆ. ಕಂಡಕ್ಟರ್ ಬಂದು "ಲಗೇಜ್ ಚಾರ್ಜ್ ಕೊಡ್ರಿ" ಅಂತ ಜಬರದಸ್ತಿ ಸುರು ಮಾಡಿದ. ನಾನು ಒಂದು ಹಣ್ಣು ಕೊಟ್ಟೆ. ನಿಂತಲ್ಲೇ ನಾಲ್ಕು ತಿಂದು, "ಇದಕ್ಕೇನ್ ಲಗೇಜ್ ಹಾಕೂದು, ಇದು ಇನ್ನೊಂದು ತಾಸಿನಾಗ ಖಾಲಿ ಆಗ್ತದ" ಅಂತ ಹೋದ. ಅರಬೈಲ್ ಘಟ್ಟ ಇಳಿಯುವಷ್ಟರಲ್ಲಿ ಖಾಲಿ ಆಗಿಯೇ ಹೋಯಿತು. ನನ್ನ ಪಂಕ್ತಿಯಲ್ಲಿ ಎಂದೂ ಉಣದಿದ್ದವರೂ ಅವ್ವನ ಸೀರೆಯಿಂದ ಬಿಡಿಸಿ ಬಿಡಿಸಿ ತಿಂದರು.

ಅಂಕೋಲಾ ದಾಟಿದ ಮೇಲೆ ಸಮುದ್ರ ಕಂಡಿತು. ಬಸ್ಸಿನಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಹುಮನಾಬಾದ್ ಕಡೆಯ ಒಬ್ಬ ಗೌಡರ ಮಗ ಇದ್ದ, ನನ್ನ ಪಕ್ಕದ ಸೀಟಿನವ. ಅವನೇ ಮೊದಲು ಬಾಯಿಬಿಟ್ಟ.

"ಎಷ್ಟ್ ಎಕರೆ ಆಗಬಹುದಲೇ ಇದು?"

"ಗೌಡಾ, ಇದರ ಪಟ್ಟಾ ಇನ್ನಾ ಯಾರ ಹೆಸರಿಗೂ ಆಗಿಲ್ಲ. ನಿಮ್ಮಪ್ಪಗ ಹೇಳಬ್ಯಾಡ," ಅಂದೆ.

ಬಸ್ಸೆಲ್ಲ ನಕ್ಕಿತು. ಅವನೂ ನಕ್ಕ. ಅಂದಿನಿಂದ ಅವನು 'ಎಕರೆ'. ಅವತ್ತಿನಿಂದಲೇ ನಮ್ಮ ದೋಸ್ತಿ.

ಸಂಜೆ ದಂಡೆಗೆ ಹೋದೆವು. ಎಲ್ಲರೂ ದನ ಬಿಟ್ಟ ಹಾಗೆ ನೀರಿಗೆ ಓಡಿದರು. ನಾನು ಮೊಣಕಾಲುದ್ದ ನೀರಲ್ಲಿ ನಿಂತುಬಿಟ್ಟೆ. ಹೆದರಿಕೆಯಿಂದಲ್ಲ. ಮುಂದೆ ಎಲ್ಲಿ ತನಕ ಹೋಗಬಹುದು ಅಂತ ಕಾಲು ತಾನೇ ಕೇಳುತ್ತಿತ್ತು. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಬಾಬಾಸಾಹೇಬರು ಕುಡಿದ ಮೇಲೆ, ಸಗಣಿ ಗಂಜಲ ಹಾಲು ಮೊಸರು ಕೊಡಗಟ್ಟಲೆ ಸುರಿದು ಆ ಕೆರೆಯನ್ನು 'ಶುದ್ಧಿ' ಮಾಡಿದರಲ್ಲ, ಈ ಅರಬ್ಬೀ ಸಮುದ್ರಕ್ಕೆ ಎಷ್ಟು ಕೊಡ ಬೇಕಾದೀತು ಅಂತ ಲೆಕ್ಕ ಹಾಕಿ ನನಗೇ ನಗು ಬಂತು. ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಅಂತ ಶಾಸ್ತ್ರ ಮಾಡಿದವರಿಗೂ ಇದೇ ಲೆಕ್ಕ ಸಿಕ್ಕಿರಲಿಕ್ಕಿಲ್ಲ. ಒಂದು ತೆರೆ ಬಂದು ನನ್ನನ್ನು ಮಗುಚಿ ಹಾಕಿತು. ಬಾಯಿ ತುಂಬ ಉಪ್ಪು.

ನಾವು ಉಳಿದದ್ದು ಕೋಡಿಬಾಗದ ಕಡೆ ಒಂದು ಬಾಡಿಗೆ ಮನೆಯಲ್ಲಿ. ಪಡಸಾಲೆಯಲ್ಲಿ ಕುಡಿಯುವ ನೀರಿನ ಎರಡು ಕೊಡ ಇಟ್ಟಿದ್ದರು. ಬಾಟಲಿಗಳಿಗೆ ಅಂಟಿಸಲು ತಂದಿದ್ದ ಚೀಟಿಗಳಲ್ಲಿ ಎರಡನ್ನು ತೆಗೆದು ಒಂದು ಕೊಡಕ್ಕೆ 'ಸಸ್ಯಾಹಾರಿ', ಇನ್ನೊಂದಕ್ಕೆ 'ಮಾಂಸಾಹಾರಿ' ಅಂತ ಬರೆದು ಅಂಟಿಸಿತ್ತು. ಊಟಕ್ಕೆ ಎರಡು ಸಾಲು ಅಂದರೆ ತಿಳಿಯುತ್ತದೆ. ನೀರಿಗೆ ಎಂಥ ಮಾಂಸಾಹಾರ? ಯಾರು ಮಾಡಿದ ಏರ್ಪಾಟು ಅಂತ ಕೇಳಿದರೆ ಯಾರೂ ಹೇಳಲಿಲ್ಲ. ಇಂಥ ಏರ್ಪಾಟುಗಳಿಗೆ ಹೆತ್ತವರು ಇರುವುದಿಲ್ಲ.

ತಮಾಷೆ ಮುಂದಿದೆ. ನಾನು ಮೀನು ತಿಂದವನಲ್ಲ. ಬಂಗಡೆ ಮೀನಿನ ವಾಸನೆಗೇ ಎರಡು ಸಲ ಹಿತ್ತಲಿಗೆ ಓಡಿದೆ. ಮನೆಯಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿಯಲ್ಲೇ ಮೊದಲ ನಾಲ್ಕು ದಿನ ಕಳೆದೆ. ಆದರೆ ನನಗೆ ಗೊತ್ತಾದ ಕೊಡ ಮಾಂಸಾಹಾರಿ. ಎಕರೆಯ ಮನೆಯಲ್ಲಿ ತತ್ತಿಯ ಹೆಸರೆತ್ತಿದರೆ ಅಂಗಳ ತೊಳೆಯುತ್ತಾರೆ. ಅವನು ಎರಡನೇ ದಿನವೇ ಬಂಗಡೆ ರುಚಿ ಹತ್ತಿಸಿಕೊಂಡು, ಒಂದು ರಾತ್ರಿ ಏಳು ಮೀನು ಮುಗಿಸಿ, ಕೈ ತೊಳೆದು ಹೋಗಿ ಸಸ್ಯಾಹಾರಿ ಕೊಡದ ನೀರು ಕುಡಿದ. ಎರಡೂ ಕೊಡ ತುಂಬಿಸುತ್ತಿದ್ದವಳು ನೆರೆಮನೆಯ ಮೀನು ಮಾರುವ ಅಮ್ಮ. ಅದೇ ಬಾವಿ, ಅದೇ ಹಗ್ಗ, ಅದೇ ಕೈ. ಅದನ್ನು ಯಾರೂ ನೋಡಿದ ಹಾಗೆ ಕಾಣಲಿಲ್ಲ.

ಸಮುದ್ರದ ಪಾಠಕ್ಕೆ ಅಮಾವಾಸ್ಯೆ ಹುಣ್ಣಿಮೆಯೇ ಒಳ್ಳೇ ಮುಹೂರ್ತ. ಆಗ ಇಳಿತ ಹೆಚ್ಚು, ನೀರು ದೂರ ಸರಿದು ಬಂಡೆಗಳು ಬರಿದಾಗುತ್ತವೆ. ಅಮಾಸಿ ನಸುಕಿನಲ್ಲಿ ಹೊರಗೆ ಕಾಲಿಡಬಾರದು ಅಂತ ನಂಬಿ ಬೆಳೆದ ನಾವೆಲ್ಲ ಐದು ಗಂಟೆಗೆ ಟಾರ್ಚು, ಬಕೆಟ್ಟು ಹಿಡಿದು ಹೊರಟೆವು. ದರ್ಗಾದ ಕಡೆಯ ನಮ್ಮ ಗೆಳೆಯನೊಬ್ಬ ಅವತ್ತೇ ಜಾರಿ ಬಿದ್ದು ಫಾರ್ಮಾಲಿನ್ ಬಾಟಲಿ ಒಡೆದ. ಹತ್ತು ಮಾರು ದೂರದ ತನಕ ಎಲ್ಲರ ಕಣ್ಣಲ್ಲಿ ನೀರು. "ಅರೇ ಯಾರ್, ನನಗಾಗಿ ಯಾರೂ ಇಷ್ಟು ಅತ್ತಿರಲಿಲ್ಲ" ಅಂದ. ಅವನು 'ಫಾರ್ಮಾಲಿನ್'.

ಆ ಬಂಡೆಗಳ ಮೇಲೆ ಕಂಡದ್ದನ್ನು ಏನಂತ ಬರೆಯಲಿ! ಸನ್ಯಾಸಿ ಏಡಿ ಅಂತ ಒಂದಿದೆ. ಹೆಸರಿಗೆ ಸನ್ಯಾಸಿ, ಸತ್ತ ಶಂಖದ ಚಿಪ್ಪು ಹುಡುಕಿ ಒಳಗೆ ಸೇರಿಕೊಳ್ಳುತ್ತದೆ. ಬೆಳೆದ ಹಾಗೆ ಇನ್ನೂ ದೊಡ್ಡ ಚಿಪ್ಪು ಹುಡುಕುತ್ತದೆ, ಒಮ್ಮೊಮ್ಮೆ ಇನ್ನೊಂದರದ್ದನ್ನು ಕಸಿಯುತ್ತದೆ. ಯಾವ ಮಠ ಅಂತ ನಾವು ಜಗಳಾಡಿದೆವು. ಬಾರ್ನಕಲ್ ಅಂತ ಇನ್ನೊಂದು, ಬಂಡೆಗೆ ಸುಣ್ಣದ ಗುಳ್ಳೆಗಳ ಹಾಗೆ ಅಂಟಿರುತ್ತದೆ. ಮರಿಯಾಗಿದ್ದಾಗ ಈಜಾಡಿ, ಆಮೇಲೆ ತಲೆಯನ್ನು ಬಂಡೆಗೆ ಅಂಟಿಸಿಕೊಂಡು ಸಾಯುವ ತನಕ ಅಲ್ಲೇ. ಕಾಲುಗಳನ್ನು ಮೇಲೆ ಬೀಸಿ ಬೀಸಿ ಬಾಯಿಗೆ ಅನ್ನ ತಳ್ಳಿಕೊಳ್ಳುತ್ತದೆ. ಸರ್ ಇದನ್ನು ಹೇಳಿದಾಗ ನಾನು ಮೆಲ್ಲಗೆ, "ತಲಿಯಿಂದ ಹುಟ್ಟಿದವರು ಮ್ಯಾಲ, ಕಾಲಿಂದ ಹುಟ್ಟಿದವರು ಕೆಳಗ ಅಂತಾರಲ್ರಿ ಸರ್, ಇದಕ್ಕ ಯಾರೂ ಹೇಳಿಲ್ಲೇನ್ರಿ?" ಅಂದೆ. ಸರ್ ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು, "ಕಾಲು ದುಡೀತದ, ತಲಿ ಉಣ್ತದ. ಅದು ಮಾತ್ರ ಎರಡೂ ಕಡೆ ಒಂದೇ ಅದ ನೋಡು" ಅಂದರು.

ಇನ್ನೊಂದು ದಿನ ಅರಗಾದ ದಂಡೆಯಲ್ಲಿ ಮೀನುಗಾರರು ಬಲೆ ಎಳೆಯುತ್ತಿದ್ದರು. ನಾವೂ ಹಗ್ಗಕ್ಕೆ ಕೈ ಹಾಕಿದೆವು. ಮುಂದೆ ನಿಂತಿದ್ದ ಮುದುಕ ಕೊಂಕಣಿಯಲ್ಲಿ "ವೋಡ್! ವೋಡ್!" ಅಂತ ಕೂಗಿದ. ಎಳಿ ಅಂತ ಅರ್ಥ. ಸುರಪುರದ ಕಡೆಯ ನಮ್ಮ ಹುಡುಗ ಹಗ್ಗ ಬಿಟ್ಟು ಓಡಿದ. ಮುದುಕ ಮತ್ತೆ ಕೂಗಿದ, ಇವನು ಇನ್ನೂ ಜೋರಾಗಿ ಓಡಿದ. ಏನೋ ದೊಡ್ಡ ಮೀನು ಬೆನ್ನು ಹತ್ತಿದೆ ಅಂತ ಇನ್ನಿಬ್ಬರು ಅವನ ಹಿಂದೆ ಓಡಿದರು. ಬಲೆಯ ಒಂದು ತುದಿ ಸಡಿಲಾಗಿ ಅರ್ಧ ತಾರ್ಲಿ ಮೀನು ತಪ್ಪಿಸಿಕೊಂಡವು. ಬೈಯಬೇಕಾದ ಮಂದಿ ಮರಳಲ್ಲಿ ಕೂತು ನಕ್ಕರು. ಆಮೇಲೆ ಆ ಮುದುಕ ರಂಪಣಿಯ ಮಾತು ತೆಗೆದ. ನೂರು ಮಂದಿ ಕೂಡಿ ಎಳೆಯುವ ದೊಡ್ಡ ಬಲೆ. ಎಳೆದವರಿಗೆಲ್ಲ ಪಾಲು. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದು ಮೀನನ್ನು ದಂಡೆಗೆ ಬರುವ ಮೊದಲೇ ಎತ್ತತೊಡಗಿದ ಮೇಲೆ ರಂಪಣಿ ಮೂಲೆಗೆ ಬಿತ್ತು. ಟ್ರ್ಯಾಕ್ಟರ್ ಬಂದಾಗ ನಮ್ಮ ಕೇರಿಯ ಗಂಡಸರು ಹೀಗೇ ಕಟ್ಟೆಯ ಮೇಲೆ ಕೂತದ್ದನ್ನು ನಾನು ನೋಡಿದ್ದೆ.

ಎಕರೆಯ ಪ್ರಶ್ನೆಗೆ ಎರಡು ವರ್ಷದ ಮೇಲೆ ಸರಕಾರವೇ ಉತ್ತರ ಕೊಟ್ಟಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ದಂಡೆಯನ್ನು ಎಕರೆ ಲೆಕ್ಕದಲ್ಲಿ ಅಳೆದು, ಮೀನುಗಾರರನ್ನೂ ರೈತರನ್ನೂ ಸಾವಿರಗಟ್ಟಲೆ ಎಬ್ಬಿಸಿದರು. 2005ರಲ್ಲಿ ನೆಲೆ ಕೆಲಸ ಶುರು ಮಾಡಿತು. ನಾವು ಬಲೆ ಎಳೆದ ಅರಗಾ ಈಗ ಬೇಲಿಯ ಒಳಗಿದೆ.

ಎಂಟನೇ ದಿನ ಪ್ಲಾಂಕ್ಟನ್ ಪಾಠ. ರೇಷ್ಮೆ ಬಟ್ಟೆಯ ಸಣ್ಣ ಬಲೆಯಲ್ಲಿ ಸಮುದ್ರದ ನೀರು ಸೋಸಿ, ನಾವು ಟ್ರಂಕಿನಲ್ಲಿ ಹೊತ್ತು ತಂದಿದ್ದ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಒಂದು ಹನಿಯಲ್ಲಿ ಒಂದು ಜಾತ್ರೆ. ಮೀನಿನ ತತ್ತಿ, ಏಡಿಯ ಮರಿ, ಕಾಲು ಬಡಿಯುವ ಕೋಪೆಪಾಡುಗಳು. ಫಾರ್ಮಾಲಿನ್ ಏನೂ ಅರಿಯದವನ ಹಾಗೆ ಕೇಳಿದ: "ಸರ್, ಮನ್ಯಾಗಿನ ಕೊಡದ ನೀರೂ ನೋಡೋಣೇನ್ರಿ?"

ಎರಡೂ ಕೊಡ ಸೋಸಿದೆವು. ಮಾಂಸಾಹಾರಿಯಲ್ಲಿ ಎರಡು ಜೀವ, ಸಸ್ಯಾಹಾರಿಯಲ್ಲಿ ಮೂರು. ಒಂಟಿಗಣ್ಣಿನ ಸೈಕ್ಲಾಪ್ಸ್. ಸಮುದ್ರದ ಕೋಪೆಪಾಡಿನ ಸಿಹಿನೀರಿನ ಬಳಗ. ಇಬ್ಬರೂ ಸಿಗಡಿ, ಏಡಿ ಇರುವ ಕ್ರಸ್ಟೇಶಿಯಾ ವರ್ಗದವರೇ. ಅಂದರೆ ಸಸ್ಯಾಹಾರಿಗಳು ಎಂಟು ದಿನದಿಂದ ದಿನಾ ಸಿಗಡಿಯ ದಾಯಾದಿಯನ್ನು ಹಸಿಯಾಗಿ ನುಂಗುತ್ತಿದ್ದರು. ನಗೆ ತಡೆಯಲಾಗದೆ ಎಕರೆ ಹೊರಗೆ ಓಡಿದ.

ಸರ್ ನಗಲಿಲ್ಲ. "ನಿಮ್ಮ ಪೈಕಿ ಯಾರ ಮನ್ಯಾಗ ನಾರುಹುಣ್ಣು ಆಗ್ಯದ?" ಅಂತ ಕೇಳಿದರು. ಆರು ಕೈ ಎದ್ದವು. ನನ್ನದೂ. ನಮ್ಮ ದೊಡ್ಡವ್ವನ ಹಿಮ್ಮಡದ ಮೇಲಿನಿಂದ ಬಿಳಿ ದಾರದಂಥ ಹುಳ ಹೊರಬೀಳುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯಬೇಕು. ಹರಿದರೆ ಕಾಲು ಬಾತು ಹೊಲದ ಕೆಲಸ ಹೋಯಿತು. ದೇವರ ಶಾಪ ಅಂತ ಹರಕೆ ಹೊತ್ತಿದ್ದೆವು. ಸರ್ ಬಿಡಿಸಿ ಹೇಳಿದರು: ನಾರು ಇದ್ದವರು ಉರಿ ತಾಳದೆ ಮೆಟ್ಟಿಲ ಬಾವಿಗೆ ಕಾಲು ಇಳಿಬಿಡುತ್ತಾರೆ. ಹುಳ ನೀರಲ್ಲಿ ಮರಿ ಹಾಕುತ್ತದೆ, ಮರಿಗಳನ್ನು ಸೈಕ್ಲಾಪ್ಸ್ ತಿನ್ನುತ್ತದೆ, ಸೈಕ್ಲಾಪ್ಸನ್ನು ನಾವು ಕುಡಿಯುತ್ತೇವೆ. ವರ್ಷದ ಮೇಲೆ ಕಾಲಲ್ಲಿ ಹುಳ. ಬಟ್ಟೆ ಮಡಿಚಿ ನೀರು ಸೋಸಿದರೆ ಸಾಕು, ಸರಪಳಿ ತುಂಡಾಗುತ್ತದೆ. (ಹಾಗೇ ಆಯಿತು. ದೇಶದಲ್ಲಿ ಕೊನೆಯ ನಾರುಹುಣ್ಣು ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ಅದರಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು.) ಕೈ ಎತ್ತಿದ ಆರು ಮಂದಿಯಲ್ಲಿ ಎಕರೆಯೂ ಇದ್ದ. ಅವನ ಅಜ್ಜನಿಗೆ ಆಗಿತ್ತು. ಮೇಲಿನ ಮೆಟ್ಟಿಲು ಕೆಳಗಿನ ಮೆಟ್ಟಿಲು ಅಂತ ಹುಳ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದರೆ ಎರಡೂ ಕೊಡದ ಹಳೇ ಚೀಟಿ ಮಾಯ. ಎರಡಕ್ಕೂ ಹೊಸ ಚೀಟಿ, ನಮ್ಮ ಮ್ಯೂಸಿಯಂ ಬಾಟಲಿಯ ಕ್ರಮದಲ್ಲೇ:

ಪ್ರಾಣಿ: ಸೈಕ್ಲಾಪ್ಸ್
ಸ್ಥಳ: ಕೋಡಿಬಾಗ, ಕಾರವಾರ
ಸಂಗ್ರಹಿಸಿದವರು:

ಸಂಗ್ರಹಿಸಿದವರು ಅನ್ನುವಲ್ಲಿ ಖಾಲಿ. ಅಕ್ಷರ ಅಚ್ಚಿನ ಹಾಗೆ ಬಿಡಿಸಿ ಬರೆದದ್ದು, ಯಾರ ಕೈ ಅಂತ ಗುರುತು ಹತ್ತಲಿಲ್ಲ. ಯಾರೂ ಮಾತೆತ್ತಲಿಲ್ಲ. ಉಳಿದ ಎರಡು ದಿನ ಯಾವ ಕೊಡ ಹತ್ತಿರವಿತ್ತೋ ಅದರಿಂದ ಎಲ್ಲರೂ ಕುಡಿದರು. ಇದು ಎಕರೆಯದೇ ಕೆಲಸ ಅಂತ ನಾನು ಒಳಗೊಳಗೇ ಹಿಗ್ಗಿದೆ.

ವಾಪಸು ಬರುವಾಗ ಅವನ ಬಸ್ಸೂ ಕಮಲಾಪುರದ ಮೇಲೇ ಹೋಗಬೇಕು. "ನಿಮ್ಮವ್ವನ್ನ ನೋಡಿ ಹೋಗ್ತೀನಿ" ಅಂತ ಇಳಿದ. ಗೌಡರ ಮನೆತನದ ಹುಡುಗ ನಮ್ಮ ಕೇರಿಯೊಳಗೆ ಬಂದದ್ದಕ್ಕೆ ಬಾಗಿಲು ಬಾಗಿಲಿಗೆ ಮಂದಿ. ಅವ್ವ ಕಂಬಳಿ ಹಾಸಿ, ಎರಡು ಬಾಳೆಹಣ್ಣು ತಂದಿಟ್ಟಳು. ಅವನು ತಿಂದು, "ಅವ್ವಾ, ನೀರ್ ಕೊಡ್ರಿ" ಅಂದ. ಅವ್ವ ನನ್ನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು. "ಇನ್ನೊಂದು ಹಣ್ಣು ತಿನ್ರಿ ಯಪ್ಪಾ" ಅಂದಳು. "ಹಣ್ಣು ಸಾಕ್ರಿ, ನೀರಡಿಕಿ ಆಗ್ಯದ." ಅವ್ವ ಸೆರಗನ್ನು ಎರಡು ಮಡಿಕೆ ಮಾಡಿ ಸೋಸಿ ಚರಗಿಯಲ್ಲಿ ತಂದಳು. ಸೈಕ್ಲಾಪ್ಸಿನ ಕತೆ ನಾನಿನ್ನೂ ಅವಳಿಗೆ ಹೇಳಿರಲಿಲ್ಲ. ನೀರಲ್ಲಿ ಕಸ ಕಂಡರೆ ಹುಡುಗ ಏನಂದಾನೋ ಅಂತ ಸೋಸಿದ್ದಳು, ಅಷ್ಟೇ. ಅವನು ಚರಗಿ ಎತ್ತಿ ಗಟಗಟ ಕುಡಿದ. ಅವ್ವನ ಕೈ ನಡುಗುತ್ತಿತ್ತು.

ದೀಪಾವಳಿ ಸೂಟಿಯಲ್ಲಿ ನಾನು ಅವನ ಊರಿಗೆ ಹೋದೆ. ಕಟ್ಟೆಯ ಮೇಲೆ ಕೂತೆವು. ಚಹಾ ಬಂತು. ಅವನಿಗೆ ಸ್ಟೀಲಿನ ಲೋಟ. ನನ್ನದು ದನದ ಕೊಟ್ಟಿಗೆಯ ಗೋಡೆಯ ಗೂಡಿನಿಂದ ತೆಗೆದ, ಕಿವಿ ಮುರಿದ ಕಪ್ಪು. ಅವನು ಎತ್ತಿನ ಕಡೆ ಮುಖ ತಿರುಗಿಸಿ ಮಳೆಯ ಮಾತು ತೆಗೆದ. ನಾನೂ ಮಳೆಯ ಮಾತಾಡಿದೆ. ಕುಡಿದು, ಕಪ್ಪು ತೊಳೆದು ಮತ್ತೆ ಗೂಡಿನಲ್ಲಿಟ್ಟೆ. ಅದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ದೋಸ್ತಿ ಮುರಿಯಲಿಲ್ಲ. ನನ್ನ ಮದುವೆಗೆ ಅವನು ಬಂದ, ಅವನ ಮಗಳ ಮದುವೆಗೆ ನಾನು ಹೋದೆ. ಕಳೆದ ವರ್ಷ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕಿದ. ಚಹಾದಂಗಡಿಯಲ್ಲಿ ಕೂತು ಹಳೇ ಕತೆಗಳನ್ನು ತೆಗೆದೆವು. ಫಾರ್ಮಾಲಿನ್ ತೀರಿಕೊಂಡಿದ್ದಾನೆ. "ವೋಡ್" ಈಗ ಸಕ್ಕರೆ ಕಾಯಿಲೆಗೆ ದಿನಾ ಬೆಳಿಗ್ಗೆ ಖರೇವೇ ಓಡುತ್ತಾನೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಅವನಂದ:

"ಬಾಳಿಗೊನಿ, ಆ ಚೀಟಿ ಬರ್ದಿದ್ದು ಮಾತ್ರ ಭಾರಿ ಧೈರ್ಯದ ಕೆಲಸ ಮಾಡಿದಿ ನೋಡಲೇ."

"ನಾನಾ? ನೀನಲ್ಲೇನೋ ಬರ್ದಿದ್ದು?"

ಅವನು ಲೋಟ ಕೆಳಗಿಟ್ಟ. "ನನಗೆಲ್ಲಿತ್ತಲೇ ಅಷ್ಟು ಧೈರ್ಯ ಆಗ."

ಮತ್ತೆ ಯಾರು? ಒಬ್ಬೊಬ್ಬರ ಹೆಸರು ಹಿಡಿದು ಬೆರಳು ಮಡಿಚುತ್ತಾ ಹೋದೆವು. ಇಬ್ಬರು ಹುಡುಗಿಯರನ್ನು ನಲವತ್ತು ವರ್ಷ ಲೆಕ್ಕಕ್ಕೇ ಹಿಡಿದಿರಲಿಲ್ಲ ಅಂತ ಆಗ ಹೊಳೆಯಿತು. ಸರ್ ಆಗಿರಬಹುದು. ಮೀನು ಮಾರುವ ಅಮ್ಮನಿಗೆ ಓದು ಬರಹ ಬರುತ್ತಿತ್ತೋ ಇಲ್ಲವೋ ನಾವು ಕೇಳಿರಲೇ ಇಲ್ಲ. ಹುಡುಗ ಬಂದು ಇನ್ನೆರಡು ಚಹಾ ಇಟ್ಟು ಹೋದ, ಎರಡೂ ಒಂದೇ ನಮೂನೆಯ ಗಾಜಿನ ಲೋಟ. ಆ ಕಪ್ಪಿನ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.