ಗಾಜಿನ ಕಡಲಿಗೊಂದು ಹಿತ್ತಲು

ಬೈಲಹೊಂಗಲದ್ದೋ ಕಿತ್ತೂರಿನದ್ದೋ ಹುಡುಗನೊಬ್ಬ ಮನೆಯಲ್ಲಿ ಕಡಲ ಮೀನು ಸಾಕುತ್ತೇನೆಂದರೆ ಅಪ್ಪನ ಮೊದಲ ಪ್ರಶ್ನೆ: ‘ಸಮುದ್ರದ ನೀರು ಎಲ್ಲಿಂದ ತರ್ತೀಯೋ ತಮ್ಮಾ?’ ಉತ್ತರ ಸುಲಭ. ಅಕ್ವೇರಿಯಂಗೆಂದೇ ಸಿಗುವ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಶುದ್ಧೀಕರಿಸಿದ ನೀರಿಗೆ ಬೆರೆಸಬೇಕು. ಅಡುಗೆ ಉಪ್ಪು ನಡೆಯದು. ನಿಜವಾದ ಕಷ್ಟವಿರುವುದು ಮೀನಿನ ಹೊಲಸಿನಲ್ಲಿ. ಅದರಿಂದ ಹುಟ್ಟುವ ಅಮೋನಿಯಾ ವಿಷ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಆ ನೈಟ್ರೇಟು ಎಲ್ಲಿಗೆ ಹೋಗಬೇಕು?

ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಗೆ ಹೋಗುತ್ತಿತ್ತು. ಅಕ್ವೇರಿಯಂ ಕೆಳಗಿಡುವ ಸಂಪ್ ಎಂಬ ತೊಟ್ಟಿಯೂ ಅಂಥದೇ ಹಿತ್ತಲು. ಮೇಲಿನ ನೀರು ಪೈಪಿನಲ್ಲಿ ಅದಕ್ಕಿಳಿದು, ಅಡ್ಡಗಾಜುಗಳ ನಡುವೆ ಹಾದು, ಪಂಪಿನಿಂದ ಮತ್ತೆ ಮೇಲೇರುತ್ತದೆ. ನಡುವಿನ ಕೋಣೆಯೇ ರೆಫ್ಯೂಜಿಯಂ. ದೀಪದ ಬೆಳಕಿನಲ್ಲಿ ಅಲ್ಲಿನ ಕಡಲಪಾಚಿ ನೈಟ್ರೇಟನ್ನು ಹೀರಿ ಬೆಳೆಯುತ್ತದೆ. ಆಗಾಗ ಕೊಯ್ದು ತೆಗೆದರೆ ಹೊಲಸೂ ಹೊರಹೋದಂತೆ. ಮೀನಿನ ಬಾಯಿಗೆ ಸಿಗದೆ ಸಣ್ಣ ಜೀವಿಗಳೂ ಅಲ್ಲಿ ಹೆಚ್ಚುತ್ತವೆ.

ಗಾಜು ಅಂಟಿಸುವ ಮುನ್ನ ಒಂದು ಲೆಕ್ಕವಿದೆ. ಕರೆಂಟು ಹೋದರೆ ಪಂಪು ನಿಂತು ಮೇಲಿನ ಒಂದಷ್ಟು ನೀರು ಕೆಳಗಿಳಿಯುತ್ತದೆ. ಮೇಲಿನ ತೊಟ್ಟಿ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲವಿದ್ದು, ನೀರು 5 ಸೆಂ.ಮೀ. ಇಳಿದರೆ 18 ಲೀಟರ್! ಸಂಪಿನಲ್ಲಿ ಅಷ್ಟು ಜಾಗ ಸದಾ ಖಾಲಿ ಇರಬೇಕು. ತುಂಬಿದ ತೊಟ್ಟಿ ಇನ್ನಷ್ಟು ನೀರು ಹಿಡಿಯದು. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯ ತುಂಬಿ ನೀರು ಹೊರಬಿಟ್ಟ 2019ರ ಆಗಸ್ಟನ್ನು ಕಂಡ ರಾಮದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದ ಮೇಲೂ ಕೂಡಲೇ ಮೀನು ತರುವಂತಿಲ್ಲ. ಬ್ಯಾಕ್ಟೀರಿಯಾ ನೆಲೆಯೂರಲು ಕೆಲವು ವಾರಗಳೇ ಬೇಕು. ಮೀನಿಲ್ಲದ ತೊಟ್ಟಿಯ ಮುಂದೆ ಕಾಯಲು ಕಲಿತ ವಿದ್ಯಾರ್ಥಿಯ ಮನೆಯಲ್ಲಿ ಮೀನು ಬದುಕುತ್ತದೆ.