ನಮ್ಮೂರ ಕಪ್ಪು ಬಯಲು

ಪ್ರೇರಿ ಹುಲ್ಲುಗಾವಲಿನ ಪಾಠವನ್ನು ಓದದ ವಿದ್ಯಾರ್ಥಿ ಇರಲಾರ. ಕೆನಡಾದ ಸಾಸ್ಕಾಚೆವಾನ್ ಪ್ರಾಂತ ಅಂಥ ನಾಡು. ಅದಕ್ಕೆ ಕಡಲಿಲ್ಲ. ಅದರ ಗಡಿಗಳನ್ನು ನದಿ, ಬೆಟ್ಟಗಳು ಹಾಕಿದ್ದಲ್ಲ, ನಕಾಶೆಯ ಮೇಲೆ ಗೆರೆ ಎಳೆದು ಗೊತ್ತುಮಾಡಿದ್ದು. ಕಣ್ಣು ಹಾಯುವವರೆಗೆ ಗೋಧಿ ಹೊಲ. ಅಂಥದೇ ನೋಟ ನಮ್ಮಲ್ಲೂ ಇದೆ. ಜಮಖಂಡಿಯಲ್ಲಿ ಮುಧೋಳ, ಬೀಳಗಿ ಅಥವಾ ರಬಕವಿ-ಬನಹಟ್ಟಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತರೆ ಸಾಕು.

ಆದರೆ ಎರಡೂ ಕಡೆಯ ಕಪ್ಪು ಒಂದೇ ಅಲ್ಲ. ಪ್ರೇರಿಯ ಮಣ್ಣು ಹುಲ್ಲಿನ ಬೇರು ಕೊಳೆತು ಕಪ್ಪಾದದ್ದು. ನಮ್ಮ ಎರೆಮಣ್ಣು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಕಲ್ಲಾಗಿ, ಆ ಕಲ್ಲು ಸವೆದು ಆದದ್ದು. ಇದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಿಡಿದ ತೇವವನ್ನು ಬೇಗ ಬಿಡುವುದಿಲ್ಲ. ಆ ತೇವದ ಮೇಲೆಯೇ ನಮ್ಮ ಹಿರಿಯರು ಹಿಂಗಾರಿ ಜೋಳ, ಕಡಲೆ, ಕುಸುಬಿ ಬೆಳೆದರು.

ಈ ಬಯಲು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರ ಅರಬ್ಬಿ ಸಮುದ್ರಕ್ಕೆ ಸುಮಾರು 64 ಕಿಲೋಮೀಟರು ಮಾತ್ರ. ಆದರೂ ಅವಳು ಪೂರ್ವಕ್ಕೆ ತಿರುಗಿ 1,400 ಕಿಲೋಮೀಟರು ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಹೊಳೆ ಹರಿದರೂ ಬೇಸಿಗೆಯಲ್ಲಿ ನೀರಿಲ್ಲದ ಸಂಕಟಕ್ಕೆ ಜಮಖಂಡಿ ಭಾಗದ ರೈತರು ತಾವೇ ಉತ್ತರ ಹುಡುಕಿದರು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಹಣ ಕೂಡಿಸಿ, ಬೆವರು ಸುರಿಸಿ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದರ ಹಿನ್ನೀರಿಗೆ ಶ್ರಮಬಿಂದು ಸಾಗರವೆಂದೇ ಹೆಸರು. ಕೆಳಗಿನ ಬೀಳಗಿ ತಾಲೂಕಿನ ಕಥೆ ಬೇರೆ. ಅಲ್ಲಿ ಆಲಮಟ್ಟಿಯ ಹಿನ್ನೀರು ಊರುಗಳನ್ನೂ ಎರೆ ಹೊಲಗಳನ್ನೂ ನುಂಗಿತು.

ನೆಲದ ಗುಣ ಜೀವಗಳಲ್ಲೂ ಕಾಣುತ್ತದೆ. ಮುಧೋಳ ನಾಯಿಯ ಉದ್ದ ಕಾಲು, ತೆಳು ಹೊಟ್ಟೆ, ದೂರ ನೋಡುವ ಕಣ್ಣು ಬಯಲಿನ ಬೇಟೆಗೇ ಹೇಳಿಮಾಡಿಸಿದಂತಿವೆ. 2005ರಲ್ಲಿ ಅದು ಅಂಚೆಚೀಟಿಯ ಮೇಲೂ ಬಂತು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು. ಮಳೆ ಕೈಕೊಟ್ಟ ವರ್ಷವೂ ಕೈ ಸುಮ್ಮನಿರಬಾರದಲ್ಲ!

ಇಂದು ಜೋಳದ ಜಾಗಕ್ಕೆ ಕಬ್ಬು ಬಂದಿದೆ. ಕಬ್ಬು ಮನೆ ಕಟ್ಟಿಸಿದೆ, ಮಕ್ಕಳನ್ನು ಓದಿಸಿದೆ. ಆದರೆ ನೀರು ಅತಿಯಾದಲ್ಲಿ ಎರೆಯಿಂದ ಅದು ಬಸಿದುಹೋಗುವುದಿಲ್ಲ. ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಇದೇ ಸವಳು. ಪ್ರೇರಿಯ ರೈತರು ಹುಲ್ಲು ಕಿತ್ತು ಉತ್ತ ನೆಲ 1930ರ ದಶಕದ ಬರದಲ್ಲಿ ಧೂಳಾಗಿ ಹಾರಿತು. ಅಲ್ಲಿ ಕೆಡಿಸಿದ್ದು ಒಣಗಾಳಿ, ಇಲ್ಲಿ ಕೆಡಿಸುತ್ತಿರುವುದು ನೀರು. ಮಣ್ಣಿನ ಸ್ವಭಾವ ಕೇಳದೆ ದುಡಿಸಿಕೊಂಡದ್ದು ಮಾತ್ರ ಎರಡೂ ಕಡೆ ಒಂದೇ.

ವಿದ್ಯಾರ್ಥಿಗಳೇ, ತಳದಲ್ಲಿ ತೂತಿರುವ ಕುಂಡಕ್ಕೆ ಎರೆಮಣ್ಣು ತುಂಬಿ, ಉಪ್ಪುನೀರಿನ ತಾಟಿನಲ್ಲಿಟ್ಟು ಬಿಸಿಲಿಗಿಡಿ. ದಿನ ಕಳೆದಂತೆ ಮಣ್ಣಿನ ನೆತ್ತಿಯ ಮೇಲೆ ಬಿಳಿ ಪೊರೆ ಮೂಡುವುದನ್ನು ನೋಡಿ. ಪಾಲಕರೂ ಅದನ್ನು ನೋಡಲಿ. ಹನಿ ನೀರಾವರಿ, ಬಸಿಗಾಲುವೆ, ಕಬ್ಬಿನ ನಡುವೆ ಒಂದು ವರ್ಷ ಕಡಲೆ ಅಥವಾ ಜೋಳ: ದಾರಿಗಳು ಇಲ್ಲದಿಲ್ಲ. ಕೆಟ್ಟ ನೆಲವನ್ನು ರಿಪೇರಿ ಮಾಡುವ ಖರ್ಚಿಗಿಂತ, ಹೊಲಕ್ಕೆ ಒಂದು ನೀರು ಕಡಿಮೆ ಹಾಯಿಸುವುದು ಅಗ್ಗ.