ಲೆಕ್ಕಕ್ಕೆ ಸಿಗದ ಹನ್ನೆರಡು ಮಕ್ಕಳು

ಮಕ್ಕಳ ಲೆಕ್ಕದ ತಪ್ಪುಗಳನ್ನು ತಿದ್ದುವುದು ನನ್ನ ವೃತ್ತಿ. ನನ್ನ ಲೆಕ್ಕದ ತಪ್ಪನ್ನು ಇನ್ನೊಬ್ಬರು ತಿದ್ದಿದ ಪ್ರಸಂಗವೊಂದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕಾಸರಗೋಡಿನ ನಮ್ಮ ಶಾಲೆಗಳಿಗೆ ಜೂನ್ ತಿಂಗಳು ಮಳೆಯ ಕಾಲವಿದ್ದಂತೆ ಎಣಿಕೆಯ ಕಾಲವೂ ಹೌದು. ಶಾಲೆ ತೆರೆದ ಆರನೆಯ ಕೆಲಸದ ದಿನದಂದು ಇರುವ ಮಕ್ಕಳ ಸಂಖ್ಯೆಯನ್ನು ಆಧರಿಸಿ ಕೇರಳದಲ್ಲಿ ಅಧ್ಯಾಪಕ ಹುದ್ದೆಗಳ ನಿರ್ಣಯವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಕಿರಿಯ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಅಧ್ಯಾಪಕರು. 61ರಿಂದ 90ರವರೆಗೆ ಮೂವರು. ಒಂದು ಮಗುವಿನ ಹೆಚ್ಚುಕಡಮೆಯಿಂದ ಒಂದು ಕನ್ನಡ ಹುದ್ದೆ ಉಳಿಯಲೂಬಹುದು, ಅಳಿಯಲೂಬಹುದು.

ಅಂಥ ಒಂದು ಜೂನ್‌ನಲ್ಲಿ, ಸುತ್ತಲಿನ ಏಳು ಶಾಲೆಗಳ ಕನ್ನಡ ಮಾಧ್ಯಮದ ಮಕ್ಕಳ ಸಂಖ್ಯೆಯನ್ನು ಒಟ್ಟುಗೂಡಿಸಿ ಮರುದಿನ ಸಂಜೆ ನಾಲ್ಕು ಗಂಟೆಯೊಳಗೆ ಒಪ್ಪಿಸುವ ಭಾರ ನನ್ನ ಮೇಲೆ ಬಿದ್ದಿತು. ಹಿಂದಿನ ವರ್ಷ ಒಂದೊಂದು ಶಾಲೆಯ ಪಟ್ಟಿ ಒಂದೊಂದು ರೂಪದಲ್ಲಿ ಬಂದು ನಾವು ಬಹಳ ಕಷ್ಟಪಟ್ಟಿದ್ದೆವು. ಆದುದರಿಂದ ಎಲ್ಲರೂ ತಮ್ಮ ಮೊಬೈಲಿನಲ್ಲಿಯೇ ತೆರೆದು ತುಂಬಬಹುದಾದ ಒಂದು ಲೆಕ್ಕದ ಹಾಳೆಯನ್ನು ನಾನೇ ರಚಿಸಲು ಹೊರಟೆ. ರಜಾಕಾಲದಲ್ಲಿ ಅಷ್ಟಿಷ್ಟು ಜಾವಾಸ್ಕ್ರಿಪ್ಟ್ ಕಲಿತಿದ್ದೆ. ಅದರ ಧೈರ್ಯವೂ ಇತ್ತು, ತುಸು ಜಂಭವೂ ಇತ್ತು. ಹೊರಗೆ ಮಳೆ ಸುರಿಯುತ್ತಿತ್ತು. ಎರಡು ಬಾರಿ ಕರೆಂಟು ಹೋಯಿತು. ರಾತ್ರಿ ಒಂದು ಗಂಟೆಗೆ ಹಾಳೆ ಸಿದ್ಧವಾಯಿತು. ಶಾಲೆಗೊಂದು ಸಾಲು, ತರಗತಿಗೊಂದು ಚೌಕ, ಕೊನೆಯಲ್ಲಿ ತಾನಾಗಿಯೇ ಮೂಡುವ ಮೊತ್ತ. ಸಂಖ್ಯೆಯಲ್ಲದ ಏನನ್ನಾದರೂ ಯಾರಾದರೂ ಬರೆದರೆ ಯಂತ್ರ ಎಡವಬಾರದೆಂದು, ಅಂಥದನ್ನು ಬಿಟ್ಟು ಮುಂದೆ ಹೋಗುವಂತೆ ಒಂದು ಸಾಲಿನ ಅಪ್ಪಣೆಯನ್ನೂ ಬರೆದಿದ್ದೆ. ಆ ಒಂದು ಸಾಲೇ ನನಗೆ ಮುಳುವಾಯಿತು.

ಮರುದಿನ ಮೂರು ಗಂಟೆಗೆ ಏಳು ಸಾಲುಗಳೂ ತುಂಬಿದ್ದುವು. ಕಳುಹಿಸುವ ಗುಂಡಿಯನ್ನು ಒತ್ತುವ ಮೊದಲು, ಪಕ್ಕದ ಶಾಲೆಯಿಂದ ಬಂದಿದ್ದ ಹಿರಿಯ ಅಧ್ಯಾಪಿಕೆಯೊಬ್ಬರಿಗೆ ಹೆಮ್ಮೆಯಿಂದ ಅದನ್ನು ತೋರಿಸಿದೆ. ಅವರು ತಮ್ಮ ಶಾಲೆಯ ಸಾಲಿನ ಮೇಲೆ ಬೆರಳಾಡಿಸಿ ಬಾಯಿಯಲ್ಲಿಯೇ ಕೂಡಿಸಿದರು.

“ಮಾಸ್ಟ್ರೇ, ನಮ್ಮಲ್ಲಿ ಅರುವತ್ತೊಂದು ಮಕ್ಕಳಿದ್ದಾರೆ. ನಿಮ್ಮ ಯಂತ್ರ ನಲುವತ್ತೊಂಬತ್ತು ಎನ್ನುತ್ತದಲ್ಲ?”

16, ೧೨, 15, 18. ಎರಡನೆಯ ತರಗತಿಯ ಸಂಖ್ಯೆಯನ್ನು ಅವರು ಕನ್ನಡದ ಅಂಕೆಯಲ್ಲಿ ಬರೆದಿದ್ದರು. ಹಾಜರಿ ಪುಸ್ತಕದಲ್ಲಿ ಬರೆದು ಬಂದ ರೂಢಿ ಅದು. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ನನ್ನ ಅಪ್ಪಣೆಯಂತೆ ಆ ಹನ್ನೆರಡು ಮಕ್ಕಳನ್ನು ಸದ್ದಿಲ್ಲದೆ ಬಿಟ್ಟಿತ್ತು. ಅವರೊಂದಿಗೆ ಮೂರನೆಯ ಹುದ್ದೆಯೂ ಹೋಗುವುದರಲ್ಲಿತ್ತು.

“ಇಂಗ್ಲಿಷ್ ಅಂಕೆಯಲ್ಲಿಯೇ ಬರೆಯಿರಿ” ಎಂದು ಹೇಳಿಬಿಡುವುದು ಸುಲಭವಾಗಿತ್ತು. ಬಾಯಿಯವರೆಗೆ ಬಂದ ಆ ಮಾತನ್ನು ನುಂಗಿಕೊಂಡೆ. ಕನ್ನಡದ ಹಾಳೆಯಲ್ಲಿ ಕನ್ನಡದ ಅಂಕೆ ಬರೆದುದು ಅವರ ತಪ್ಪೇ? ಯೂನಿಕೋಡ್‌ನಲ್ಲಿ ನಮ್ಮ ಸೊನ್ನೆಯ ಕ್ರಮಸಂಖ್ಯೆ 3302, ಒಂಬತ್ತರದು 3311. ನಡುವಿನವು ಅನುಕ್ರಮವಾಗಿ ಬರುತ್ತವೆ. 3302ನ್ನು ಕಳೆದರೆ ಅಂಕೆಯ ಬೆಲೆ ದೊರೆಯುತ್ತದೆ. ಮೂರನೆಯ ತರಗತಿಯ ವ್ಯವಕಲನವಷ್ಟೆ! ಹತ್ತು ನಿಮಿಷದಲ್ಲಿ ಅದನ್ನು ಸೇರಿಸಿದೆ. ಮೊತ್ತ 61 ಎಂದು ತೋರಿತು.

ಆದರೂ ಇನ್ನೊಂದು ಶಾಲೆಯ ‘೧ಂ’ ಹತ್ತಾಗಲಿಲ್ಲ. ಅಲ್ಲಿ ಸೊನ್ನೆಯ ಬದಲು ಅನುಸ್ವಾರ ಕುಳಿತಿತ್ತು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅನುಸ್ವಾರ 3202. ಇಂಥವುಗಳಿಗೆ ಕೊನೆಯಿಲ್ಲವೆಂದು ಆಗ ತಿಳಿಯಿತು. ಬಿಟ್ಟುಬಿಡುವ ಆ ಸಾಲನ್ನು ಅಳಿಸಿ, ಓದಲಾಗದ ಚೌಕ ಕೆಂಪಾಗಿ, ಅದು ಸರಿಯಾಗುವವರೆಗೆ ಮೊತ್ತವೇ ಮೂಡದಂತೆ ಮಾಡಿದೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಪಟ್ಟಿ ಹೋಯಿತು.

ಮರುದಿನ ತರಗತಿಯಲ್ಲಿ ಭಾಗಾಕಾರ ಹೇಳಿಕೊಟ್ಟು, “ತಿಳಿಯಿತೇ?” ಎಂದು ಕೇಳಿದೆ. “ತಿಳಿಯಿತು ಸಾರ್” ಎಂದರು. ಎಷ್ಟೋ ವರ್ಷಗಳಿಂದ ಆ ಉತ್ತರವನ್ನು ನಂಬಿ ಮುಂದಿನ ಪಾಠಕ್ಕೆ ಹೋಗಿದ್ದೇನೆ. ಅಂದು ಹೋಗಲಿಲ್ಲ. ಕೊನೆಯ ಬೆಂಚಿನ ಬಳಿ ನಿಂತು, “ತಿಳಿಯದವರು ತಿಳಿಯಲಿಲ್ಲವೆಂದೇ ಹೇಳಿ, ನಾನು ಗದರಿಸುವುದಿಲ್ಲ” ಎಂದೆ. ಸ್ವಲ್ಪ ಹೊತ್ತು ಯಾರೂ ಅಲುಗಾಡಲಿಲ್ಲ. ಆಮೇಲೆ ಒಂದು ಕೈ ಮೇಲೆದ್ದಿತು. ಅದನ್ನು ನೋಡಿ ಇನ್ನೂ ನಾಲ್ಕು.